ಕಡಬಾ ಕಟರ್ ತಂದು ಹದಿನೆಂಟು ತಿಂಗಳಾಯಿತು: ನಮ್ಮ ಮನೆಯ ಅನುಭವ

ನಮ್ಮ ಗೌರಿಗೆ ಹದಿನಾಲ್ಕು ವರ್ಷ. ದೇವಣಿ ಆಕಳು. ಮೈಯೆಲ್ಲಾ ಬಿಳಿ, ಮುಖದ ಎರಡೂ ಕಡೆ ಕಪ್ಪು. ಈ ಬಣ್ಣದ ದೇವಣಿಗೆ ವಾನ್ನೇರಾ ಅಂತಾರೆ. ಪೂರ್ತಿ ಬಿಳಿ ಇದ್ದರೆ ಬಾಲಂಕ್ಯಾ, ಮೈಮೇಲೆ ಕಪ್ಪು ಮಚ್ಚೆ ಇದ್ದರೆ ಶೇವರಾ. ಗೌರಿ ನಮ್ಮ ಅತ್ತೆ ಸಾಕಿದ ಆಕಳು. ಎರಡು ವರ್ಷದ ಹಿಂದೆ ಅವಳು ಸೊರಗತೊಡಗಿದಳು. ಕಣಕಿ, ಅಂದರೆ ತೆನೆ ತೆಗೆದ ಒಣ ಜೋಳದ ಮೇವು, ಹಾಕಿದರೆ ಎಲೆ ತಿಂದು ದಂಟು ಬಿಡುತ್ತಿದ್ದಳು. ಬಾಯಿ ತೆರೆದು ನೋಡಿದರೆ ದವಡೆ ಹಲ್ಲೆಲ್ಲಾ ಸವೆದು ಹೋಗಿದ್ದವು. ಮಾರಿಬಿಡಿ ಎಂದು ಊರವರು ಹೇಳಿದರು. ಅತ್ತೆ ಆ ದಿನ ಊಟ ಮಾಡಲಿಲ್ಲ.

ನಾನು ಕಡಬಾ ಕಟರ್, ಅಂದರೆ ಮೇವು ಕತ್ತರಿಸುವ ಯಂತ್ರ, ತಂದಿದ್ದು ಆ ಕಾರಣಕ್ಕೆ. ಲಾಭ ನಷ್ಟದ ಲೆಕ್ಕ ಆಮೇಲೆ ಬಂತು. ಈಗ ಹದಿನೆಂಟು ತಿಂಗಳು ಬಳಸಿದ್ದೇನೆ. ಊರಲ್ಲಿ ದಿನಕ್ಕೊಬ್ಬರು ಬಂದು "ಹೆಂಗದ ಅಕ್ಕಾ ಮಶೀನು, ತಗೋಬೇಕಾ?" ಎಂದು ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿದ ಹಾಗಾಗಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಊರು ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿದೆ, ಕಾರಂಜಾ ಜಲಾಶಯದ ಕಡೆ. ಮನೆಯಲ್ಲಿ ಎರಡು ದೇವಣಿ ಆಕಳು, ಎರಡು ಮುರ್ರಾ ಎಮ್ಮೆ, ಆರು ಆಡು ಇವೆ. ಎಮ್ಮೆ ಹಾಲು ಡೇರಿಗೆ ಹೋಗುತ್ತದೆ, ಆಕಳ ಹಾಲು ಮನೆಗೆ. ಯಂತ್ರ 2 ಎಚ್‌ಪಿ ಮೋಟಾರಿನದು, ಸಿಂಗಲ್ ಫೇಸ್, ಮೂರು ಬ್ಲೇಡು. ಮೋಟಾರಿನಿಂದ ಬೆಲ್ಟಿನಲ್ಲಿ ಚಕ್ರ ತಿರುಗುತ್ತದೆ. ಹಲ್ಲಿನ ಚಕ್ರ ಬದಲಿಸಿದರೆ ತುಂಡಿನ ಉದ್ದ ಹೆಚ್ಚು ಕಡಿಮೆ ಮಾಡಬಹುದು. ಮೋಟಾರು ಸೇರಿ 24,500 ರೂಪಾಯಿ ಕೊಟ್ಟೆ. ಟಂಟಂ ಬಾಡಿಗೆ ಬೇರೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಮಾದರಿ ಹತ್ತಾರು ಕಂಪನಿಯವರು ಮಾಡುತ್ತಾರೆ, ಹೆಚ್ಚೂಕಡಿಮೆ ಎಲ್ಲಾ ಒಂದೇ ಥರ. ನೀವು ನೋಡಬೇಕಾದದ್ದು ಬ್ಲೇಡು, ಮೋಟಾರು, ಮತ್ತೆ ಕೈಗೆ ಅಪಾಯ ಆಗದಂತೆ ಏನು ಮಾಡಿದ್ದಾರೆ ಎನ್ನುವುದು.

ಸಿಂಗಲ್ ಫೇಸ್ ಯಾಕೆ ಅಂದರೆ, ತ್ರೀ ಫೇಸ್ ಕರೆಂಟು ಹೊಲದ ಪಂಪಿಗೆ ಕೊಡುವ ಹೊತ್ತಿಗೇ ಬರುತ್ತದೆ. ರಾತ್ರಿ ಕೊಟ್ಟರೆ ರಾತ್ರಿ. ನಡುರಾತ್ರಿ ಎದ್ದು ಮೇವು ಕತ್ತರಿಸಲು ಆಗುತ್ತಾ? ಮನೆಯ ಲೈನಿನಲ್ಲಿ ನಡೆಯುವಂಥದ್ದೇ ಬೇಕು. ಬೆಳಗ್ಗೆ ಇಪ್ಪತ್ತು ನಿಮಿಷ ನಡೆಸಿದರೆ ಅರ್ಧ ಯೂನಿಟ್ ಆಸುಪಾಸು ಖರ್ಚು.

ಯಂತ್ರದ ಬಗ್ಗೆ ಮುಂದೆ ಹೇಳುವ ಮೊದಲು ಒಬ್ಬರ ಮಾತು ಬರೆಯಲೇಬೇಕು. ಗೌರಿ ಸೊರಗಿದ್ದ ಹೊತ್ತಲ್ಲೇ ಮೇವಿನ ಬಗ್ಗೆ ಕೆಲಸ ಮಾಡುವ ಒಬ್ಬ ವಿಜ್ಞಾನಿ ಮೇಡಂ ನಮ್ಮೂರಿಗೆ ಬಂದಿದ್ದರು. ಹನುಮಾನ್ ಗುಡಿ ಕಟ್ಟೆ ಮೇಲೆ ಕೂತು ಎರಡು ಗಂಟೆ ಮಾತಾಡಿದರು. ಯಾವ ಹಿಂಡಿ ಕೊಳ್ಳಿ, ಯಾವ ಚೀಲ ಕೊಳ್ಳಿ ಎಂದು ಒಂದು ಮಾತೂ ಹೇಳಲಿಲ್ಲ. "ನಿಮ್ಮ ಬಣವಿ ತೋರಿಸಿ" ಎಂದರು.

ಬಣವಿ ಹತ್ತಿರ ನಿಂತು ಅವರು ಹೇಳಿದ ಸಂಗತಿ ನನಗೆ ಇವತ್ತಿಗೂ ನೆನಪಿದೆ. ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಎಂಬ ಒಣಭೂಮಿ ಬೆಳೆಗಳ ಸಂಶೋಧನಾ ಸಂಸ್ಥೆ ಇದೆಯಲ್ಲಾ, ನಾವು ಹೈದರಾಬಾದಿಗೆ ಹೋಗುವಾಗ ದಾರಿಯಲ್ಲೇ ಸಿಗುತ್ತದೆ. ಅದು 1972ರಲ್ಲಿ ಶುರುವಾದದ್ದು. ಅಲ್ಲಿ ಕೂತು ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯ ಮೈಕೆಲ್ ಬ್ಲ್ಯೂಮೆಲ್ ಎಂಬ ವಿಜ್ಞಾನಿ ಕಣಕಿಯ ಮೇಲೆ ಬಹಳ ವರ್ಷ ಕೆಲಸ ಮಾಡಿದರಂತೆ. ಹೈದರಾಬಾದಿನ ಹಾಲು ಮಾರುವವರು ಕಣಕಿಯನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅಲ್ಲಿನ ವ್ಯಾಪಾರಿಗಳು ಒಂದೊಂದು ಥರದ ಕಣಕಿಗೆ ಒಂದೊಂದು ದರ ಹೇಳುತ್ತಾರೆ. ಇವರು ಆ ಕಣಕಿ ತಂದು ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರು. ದನದ ಹೊಟ್ಟೆಯಲ್ಲಿ ಎಷ್ಟು ಕರಗುತ್ತದೆ ಎಂದು ಅಳೆದರು. ಕರಗುವುದು ನೂರಕ್ಕೆ ಐದು ಪಾಲು ಜಾಸ್ತಿ ಇದ್ದ ಕಣಕಿಗೆ ಪೇಟೆಯಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಬೆಲೆ ಸಿಗುತ್ತಿತ್ತಂತೆ. ಲ್ಯಾಬು ಹೇಳಿದ್ದೂ ವ್ಯಾಪಾರಿಯ ಕಣ್ಣು ಹೇಳಿದ್ದೂ ಒಂದೇ ಆಯಿತು.

ಇದನ್ನು ಕೇಳಿ ನಮ್ಮ ಮಾವನವರು ಸುಮ್ನೆ ಒಂದು ದಂಟು ಮುರಿದು ಬಾಯಲ್ಲಿ ಹಾಕಿಕೊಂಡರು. ಅಗಿದು, ಉಗುಳಿ, "ಇದು ಮಾಲದಂಡಿ ಜೋಳದ್ದು, ಸಿಹಿ ಅದ. ಆ ಕಡೆ ಬಣವಿ ಹೈಬ್ರಿಡ್‌ದು, ಸಪ್ಪಗದ. ದನಕ್ಕೆ ಗೊತ್ತಿಲ್ಲೇನು?" ಎಂದರು. ಮೇಡಂ ಎದ್ದು ನಿಂತು ಅವರಿಗೆ ಕೈ ಮುಗಿದರು. ಈ ಮನುಷ್ಯ ಎಂಬತ್ತು ವರ್ಷದಿಂದ ಕಣಕಿ ನೋಡುತ್ತಿದ್ದಾರೆ, ಅವರ ನಾಲಿಗೆಯೇ ಲ್ಯಾಬು ಎಂದು ಎಲ್ಲರ ಮುಂದೆ ಹೇಳಿದರು. ಆ ದಿನದಿಂದ ನನಗೆ ಆ ಮೇಡಂ ಮಾತಿನ ಮೇಲೆ ನಂಬಿಕೆ ಬಂತು.

ಇನ್ನೊಂದು ಮಾತು ಅವರು ಹೇಳಿದ್ದು. ಕಾಳು ಜಾಸ್ತಿ ಕೊಡುವ ಜೋಳಕ್ಕೆ ಕಣಕಿ ಕೆಟ್ಟದ್ದೇ ಇರುತ್ತದೆ ಎಂದು ನಾವೆಲ್ಲಾ ಅಂದುಕೊಂಡಿದ್ದೆವು. ಹಾಗೇನಿಲ್ಲ. ಕಾಳಿನ ಇಳುವರಿ ಬಿಡದೆಯೇ ಒಳ್ಳೆಯ ಕಣಕಿ ಕೊಡುವ ತಳಿ ಆರಿಸಲು ಆಗುತ್ತದೆ ಎಂದು ಈ ಸಂಶೋಧನೆಯಲ್ಲಿ ಕಂಡುಬಂದಿದೆ. ರೊಟ್ಟಿಯೂ ನಮಗೆ, ಮೇವೂ ದನಕ್ಕೆ. ಒಂದೇ ಹೊಲ, ಒಂದೇ ನೀರು.

ಹೊರಡುವಾಗ ಅವರು ಕೇಳಿದ್ದು ಒಂದೇ. "ದಿನಾ ಎಷ್ಟು ಹಾಕುತ್ತೀರಿ, ಗೋದಲಿಯಲ್ಲಿ ಎಷ್ಟು ಉಳಿಯುತ್ತದೆ, ಯಾವಾಗಲಾದರೂ ತೂಕ ಮಾಡಿದ್ದೀರಾ?" ನಾನು ಮಾಡಿರಲಿಲ್ಲ. ಮರುದಿನ ಮಾಡಿದೆ. ಹತ್ತು ದಿನ ಬಿಡದೆ ತೂಗಿದೆ. ಆಕಳು, ಎಮ್ಮೆ ನಾಲ್ಕಕ್ಕೂ ಸೇರಿ ದಿನಕ್ಕೆ 30 ಕೆಜಿ ಕಣಕಿ ಹಾಕುತ್ತಿದ್ದೆ. ಅದರಲ್ಲಿ 8ರಿಂದ 9 ಕೆಜಿ ದಂಟು ಕಾಲಡಿ ಬಿದ್ದು, ಸೆಗಣಿ ಗಂಜಳದಲ್ಲಿ ನೆನೆದು, ತಿಪ್ಪೆಗೆ ಹೋಗುತ್ತಿತ್ತು. ಅಷ್ಟು ವರ್ಷ ಅದನ್ನು ನಾನೇ ಬುಟ್ಟಿಯಲ್ಲಿ ಹೊತ್ತು ಹಾಕಿದ್ದೆ, ಆದರೆ ಅದು ಮೇವು ಎಂದು ಅನ್ನಿಸಿಯೇ ಇರಲಿಲ್ಲ.

ಯಂತ್ರ ಬಂದದ್ದು ಎಳ್ಳಮಾವಾಸ್ಯೆಗೆ ಒಂದು ವಾರ ಮೊದಲು. ಹಬ್ಬದ ದಿನ ಹೊಲಕ್ಕೆ ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೋಗಿ ಚರಗ ಚೆಲ್ಲಿ ಬಂದೆವು. ಸಂಜೆ ಗೌರಿಗೆ ಮೊದಲ ಸಲ ಕತ್ತರಿಸಿದ ಕಣಕಿ ಹಾಕಿದೆ. ಅವಳು ಮೂಸಿದಳು, ಸ್ವಲ್ಪ ಹೊತ್ತು ನಿಂತಳು, ಆಮೇಲೆ ತಲೆ ಎತ್ತದೆ ತಿಂದಳು. ಅತ್ತೆ ಪಕ್ಕದಲ್ಲೇ ಕೂತಿದ್ದರು. "ಹಲ್ಲಿಲ್ಲದ ಮುದುಕಿಗೆ ರೊಟ್ಟಿ ಮುರದು ಹಾಲಾಗ ಹಾಕಿ ಕೊಟ್ಟಂಗ ಆತು" ಎಂದು ಅವಳ ಬೆನ್ನು ಸವರಿದರು.

ತಿಂಗಳಾದ ಮೇಲೆ ಮತ್ತೆ ಹತ್ತು ದಿನ ತೂಗಿದೆ. ದಂಡವಾಗುತ್ತಿದ್ದದ್ದು 2 ಕೆಜಿ ಒಳಗೆ, ಅದೂ ಬರೀ ಗಟ್ಟಿ ಗಿಣ್ಣು. ದಿನಕ್ಕೆ ಆರೂವರೆ ಕೆಜಿ ಮೇವು ಉಳಿತಾಯ ಆಯಿತು ಅಂದುಕೊಳ್ಳಿ. ವರ್ಷಕ್ಕೆ 2,300 ಕೆಜಿಗಿಂತ ಜಾಸ್ತಿ. ನಮ್ಮ ಕಡೆ ಕಣಕಿಯ ಒಂದು ಸೂಡು, ಅಂದರೆ ಒಂದು ಕಟ್ಟು, ಮೂರು ಕೆಜಿ ಆಸುಪಾಸು. ಕಳೆದ ಬೇಸಿಗೆಯಲ್ಲಿ ನಮ್ಮೂರಲ್ಲಿ ನೂರು ಸೂಡಿಗೆ 3,000 ರೂಪಾಯಿ ನಡೆದಿತ್ತು. ಹಾಗಾದರೆ ಯಂತ್ರಕ್ಕೆ ಹಾಕಿದ ದುಡ್ಡು ಒಂದು ವರ್ಷದಲ್ಲಿ ಹೆಚ್ಚೂಕಡಿಮೆ ಬಂತು. ಕರೆಂಟು, ಬ್ಲೇಡು, ರಿಪೇರಿ ಸೇರಿಸಿದರೆ ಇನ್ನೂ ಎರಡು ಮೂರು ತಿಂಗಳು ಹಿಡಿಯಿರಿ. ನಾಲ್ಕು ದನ ಇದ್ದವರ ಲೆಕ್ಕ ಇದು. ಒಂದೇ ಆಕಳು ಇದ್ದವರು ಇಷ್ಟು ದುಡ್ಡು ಹಾಕಬೇಡಿ, ಮೂರು ನಾಲ್ಕು ಮನೆಯವರು ಸೇರಿ ಒಂದು ತನ್ನಿ.

ಈಗ ತಪ್ಪುಗಳು. ಮೊದಲನೆಯದು ನನ್ನದೇ. ಸಣ್ಣಗೆ ಕತ್ತರಿಸಿದಷ್ಟೂ ಒಳ್ಳೆಯದು ಎಂದುಕೊಂಡು ಎಲ್ಲಕ್ಕಿಂತ ಚಿಕ್ಕ ಅಳತೆಗೆ ಇಟ್ಟೆ. ಹೊಟ್ಟಿನ ಥರ ಬರುತ್ತಿತ್ತು. ನೋಡಲು ಚಂದ. ಹತ್ತು ದಿನದಲ್ಲಿ ಡೇರಿಯಲ್ಲಿ ಎಮ್ಮೆ ಹಾಲಿನ ಫ್ಯಾಟು 6.9ರಿಂದ 6.5ಕ್ಕೆ ಇಳಿಯಿತು. ಗಾಬರಿಯಾಗಿ ಮೇಡಂಗೆ ಫೋನ್ ಮಾಡಿದೆ. ಅವರು ಕೇಳಿದ್ದು, "ಎಮ್ಮೆ ಮೊದಲಿನಷ್ಟು ಮೆಲುಕು ಹಾಕುತ್ತಿದೆಯಾ?" ಹೋಗಿ ನೋಡಿದೆ. ಇಲ್ಲ, ಕಡಿಮೆಯಾಗಿತ್ತು. ದನ ಮೆಲುಕು ಹಾಕಿದಾಗಲೇ ಜೊಲ್ಲು ಬರುವುದು. ಜೊಲ್ಲು ಹೊಟ್ಟೆಯ ಹುಳಿಯನ್ನು ಹತೋಟಿಯಲ್ಲಿಡುತ್ತದೆ. ಹುಳಿ ಜಾಸ್ತಿಯಾದರೆ ನಾರು ಕರಗಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ, ಹಾಲಿನ ಕೊಬ್ಬು ಇಳಿಯುತ್ತದೆ. ತುಂಡು ಒಂದು ಇಂಚು ಇರಲಿ, 2ರಿಂದ 3 ಸೆಂಟಿಮೀಟರ್, ಅದಕ್ಕಿಂತ ಚಿಕ್ಕದು ಬೇಡ ಎಂದರು. ಹಲ್ಲಿನ ಚಕ್ರ ಬದಲಿಸಿದೆ. ಎರಡು ವಾರದಲ್ಲಿ ಫ್ಯಾಟು ಮೊದಲಿನ ಜಾಗಕ್ಕೆ ಬಂತು. ಅಂಗಡಿಯಲ್ಲಿ ಈ ಅಳತೆಯ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ.

ಅಂಗಡಿಯ ಬಗ್ಗೆ ನನಗೆ ಬೇಸರ ಇದೆ. ಬೆಲ್ಟಿನ ಮೇಲೆ ಮುಚ್ಚುವ ತಗಡು ಯಂತ್ರದ ಜೊತೆ ಇರಲಿಲ್ಲ. "ಸ್ಟಾಕ್ ಇಲ್ಲ, ವಾರದೊಳಗೆ ಕಳಿಸುತ್ತೇವೆ" ಎಂದರು. ನಾಲ್ಕು ಸಲ ಫೋನ್ ಮಾಡಿದೆ, ಎರಡು ಸಲ ಬಸ್ಸು ಹತ್ತಿ ಹೋದೆ. ಬರಲೇ ಇಲ್ಲ. ಕಡೆಗೆ ಊರಿನ ವೆಲ್ಡಿಂಗ್ ಹುಡುಗನಿಂದ 700 ರೂಪಾಯಿಗೆ ಮಾಡಿಸಿದೆ. ಆ ತಗಡು ಇಲ್ಲದೆ ಒಂದು ದಿನವೂ ಯಂತ್ರ ನಡೆಸಬೇಡಿ. ನನ್ನ ತವರಿನಲ್ಲಿ ದೊಡ್ಡಪ್ಪನ ಮಗನಿಗೆ ಕೈಯಿಂದ ತಿರುಗಿಸುವ ಹಳೇ ಯಂತ್ರದಲ್ಲಿ ಎರಡು ಬೆರಳು ಹೋದವು. ಆಗ ಅವನಿಗೆ ಒಂಬತ್ತು ವರ್ಷ. ಚಕ್ರ ತಿರುಗಿಸಿ ಆಡುತ್ತಿದ್ದ. ಇವತ್ತೂ ಅವನು ಊಟಕ್ಕೆ ಕೂತಾಗ ನನ್ನ ಕಣ್ಣು ಆ ಕೈ ಮೇಲೆ ಹೋಗುತ್ತದೆ.

ಹಾಗಾಗಿ ಕೊಳ್ಳುವ ಮೊದಲು ಇದನ್ನು ನೋಡಿ: ಮೇವು ತಳ್ಳುವ ದೋಣಿಯ ಮೇಲೆ ಬಾಯಿ ಹತ್ತಿರ ಮುಚ್ಚಳ ಇರಬೇಕು. ಮೇವನ್ನು ಒಳಗೆ ಎಳೆಯುವ ಉರುಳೆಗೆ ಕೈ ಮುಟ್ಟದಷ್ಟು ದೋಣಿ ಉದ್ದ ಇರಬೇಕು. ಮೇವು ಸಿಕ್ಕಿಕೊಂಡರೆ ಹಿಂದಕ್ಕೆ ತಿರುಗಿಸುವ ಹಿಡಿ ಇರಬೇಕು. ಚಕ್ರ ನಿಲ್ಲಿಸಿ ಬೀಗ ಹಾಕುವಂತಿದ್ದರೆ ಇನ್ನೂ ಒಳ್ಳೆಯದು. ನಮ್ಮದರಲ್ಲಿ ಬೀಗದ ವ್ಯವಸ್ಥೆ ಇರಲಿಲ್ಲ, ಸರಪಳಿ ಹಾಕಿ ಬೀಗ ಹಾಕಿದ್ದೇನೆ. ಕೀಲಿ ನನ್ನ ಸೊಂಟದಲ್ಲಿರುತ್ತದೆ. ಸೀರೆ ಸೆರಗು ಸಿಕ್ಕಿಸಿ, ಬಳೆ ಮೇಲಕ್ಕೆ ಸರಿಸಿ ಆಮೇಲೆ ಸ್ವಿಚ್ಚು ಹಾಕುತ್ತೇನೆ.

ಮೂರನೇ ತಿಂಗಳು ಮೋಟಾರು ಗುಂಯ್ ಎಂದು ನಿಂತಿತು. ಕೆಪಾಸಿಟರ್ ಹೋಗಿತ್ತು. ಬೇಸಿಗೆಯಲ್ಲಿ ಸಂಜೆ ಹೊತ್ತು ವೋಲ್ಟೇಜು ಬೀಳುತ್ತದೆ, ಆಗ ನಡೆಸಿದ್ದೇ ತಪ್ಪಾಯಿತು. ಅಂಗಡಿಯವರು ವಾರಂಟಿ ಮೋಟಾರಿಗೆ ಮಾತ್ರ, ಕೆಪಾಸಿಟರಿಗೆ ಇಲ್ಲ ಎಂದರು. ದುಡ್ಡು ದೊಡ್ಡದಲ್ಲ, ಆದರೆ ಕೊಡುವಾಗ ಹೇಳಬಹುದಿತ್ತಲ್ವಾ? ಈಗ ಬೆಳಗ್ಗೆಯೇ ಎರಡೂ ಹೊತ್ತಿನದು ಕತ್ತರಿಸಿ ಇಡುತ್ತೇನೆ. ಬ್ಲೇಡು ಮೂರು ವಾರಕ್ಕೊಮ್ಮೆ ಸಾಣೆ ಹಿಡಿಯಬೇಕು. ಮೊಂಡಾದರೆ ಕಣಕಿ ಕತ್ತರಿಸುವುದಿಲ್ಲ, ಜಜ್ಜಿ ಎಳೆಯುತ್ತದೆ, ಮೋಟಾರು ಬಿಸಿಯಾಗುತ್ತದೆ. ಮೂರೂ ಬ್ಲೇಡು ಒಟ್ಟಿಗೆ ಬಿಚ್ಚಿ ಸಾಣೆ ಹಿಡಿಸಿ, ಒಂದನ್ನೇ ಹಿಡಿಸಿದರೆ ಚಕ್ರದ ತೂಕ ಹೆಚ್ಚು ಕಡಿಮೆಯಾಗಿ ಅದುರುತ್ತದೆ. ಧೂಳು ಬಹಳ. ಸೂಡಿನ ಮೇಲೆ ಸ್ವಲ್ಪ ನೀರು ಚಿಮುಕಿಸಿಕೊಳ್ಳಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ತಂತಿ, ಮೊಳೆ ಇದೆಯಾ ಎಂದು ಪ್ರತಿ ಸೂಡು ಬಿಚ್ಚಿ ನೋಡಿ. ಉದ್ದ ಕಣಕಿಯಲ್ಲಾದರೆ ದನ ಕೆಲವೊಮ್ಮೆ ಬಿಟ್ಟು ತಿನ್ನುತ್ತದೆ, ತುಂಡಿನಲ್ಲಿ ಸೇರಿದರೆ ನುಂಗಿಯೇಬಿಡುತ್ತದೆ. ಅದು ಹೋಗಿ ಕೂರುವ ಜಾಲರಿ ಹೊಟ್ಟೆ ಹೃದಯದ ಪಕ್ಕದಲ್ಲೇ ಇರುತ್ತದೆ. ಚುಚ್ಚಿದರೆ ದನ ಉಳಿಯುವುದು ಕಷ್ಟ.

ಹಾಲು ಜಾಸ್ತಿಯಾಯಿತಾ ಎಂದು ಎಲ್ಲರೂ ಕೇಳುತ್ತಾರೆ. ಬರೀ ಕತ್ತರಿಸಿ ಹಾಕಿದ್ದಕ್ಕೆ ಆಗಲಿಲ್ಲ. ಯಂತ್ರ ಮೇವು ಉಳಿಸುತ್ತದೆ. ಕಣಕಿಯಲ್ಲಿ ಇಲ್ಲದ ಸತ್ವವನ್ನು ಅದು ಎಲ್ಲಿಂದ ತರುತ್ತದೆ? ಹಾಲು ಏರಿದ್ದು ಕತ್ತರಿಸಿದ ಕಣಕಿಯ ಜೊತೆ ತೊಗರಿ ಹೊಟ್ಟು, ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ಸಿಪ್ಪೆ, ನುಚ್ಚು) ಬೆರೆಸಿದ ಮೇಲೆ. ಕಲಬುರಗಿ ಕಡೆ ದಾಲ್ ಮಿಲ್ಲುಗಳಿಗೆ ಕಡಿಮೆ ಇಲ್ಲ, ಚುನ್ನಿ ನಮಗೆ ಸುಲಭವಾಗಿ ಸಿಗುತ್ತದೆ. ಉದ್ದ ಕಣಕಿಗೆ ಚುನ್ನಿ ಹಚ್ಚಲು ಆಗುವುದಿಲ್ಲ. ತುಂಡಿಗೆ ಚೆನ್ನಾಗಿ ಹತ್ತುತ್ತದೆ, ದನ ಆರಿಸಿ ತಿನ್ನಲು ಆಗುವುದಿಲ್ಲ. ದೊಡ್ಡ ದನಕ್ಕೆ ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು. ಇಷ್ಟು ಮಾಡಿದ ಮೇಲೆ ಒಂದು ಎಮ್ಮೆ ಏಳು ಲೀಟರಿನಿಂದ ಎಂಟಕ್ಕೆ ಬಂತು. ಇನ್ನೊಂದು ಹೆಚ್ಚು ಬದಲಾಗಲಿಲ್ಲ.

ಕಬ್ಬಿನ ವಾಡಿ, ಅಂದರೆ ಕಬ್ಬಿನ ತುದಿಯ ಹಸಿ ಗರಿ, ಸಿಗುವ ಕಾಲದಲ್ಲಿ ಅದನ್ನೂ ಕತ್ತರಿಸುತ್ತೇನೆ. ಆದರೆ ಬರೀ ವಾಡಿ ಹಾಕಿ ಕೂರಬೇಡಿ. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ದನದ ಎಲುಬು ಸೋಲುತ್ತವೆ. ಅರ್ಧ ಕಣಕಿ, ಅರ್ಧ ವಾಡಿ ಮಾಡಿ. ಎಳೆ ಜೋಳದ ವಿಷಯದಲ್ಲಿ ಇನ್ನೂ ಹುಷಾರು. ಮಳೆ ಕೈಕೊಟ್ಟು ಬಾಡಿದ, ಹೂ ಬರದ ಎಳೆ ಜೋಳದಲ್ಲಿ ಸೈನೈಡ್ ವಿಷ ಇರುತ್ತದೆ. ಕತ್ತರಿಸಿದರೆ ವಿಷ ಹೋಗುವುದಿಲ್ಲ, ಬೇಗ ಬಿಡುಗಡೆಯಾಗುತ್ತದೆ. ಯಂತ್ರ ಇದೆ ಎಂದು ಸಿಕ್ಕಿದ್ದನ್ನೆಲ್ಲಾ ಅದರ ಬಾಯಿಗೆ ಕೊಡಬೇಡಿ.

ಸಪ್ಪೆ ಕಣಕಿ ಚೆನ್ನಾಗಿ ಕರಗಲಿ ಎಂದು ಯೂರಿಯಾ ಉಪಚಾರವನ್ನೂ ಮಾಡಿ ನೋಡಿದೆ. ಹೈಬ್ರಿಡ್ ಕಣಕಿಯ ಸಪ್ಪೆ ಬಣವಿ ಉಳಿದಿತ್ತಲ್ಲಾ, ಅದಕ್ಕೆ. ಕತ್ತರಿಸಿದ 100 ಕೆಜಿ ಕಣಕಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಪದರ ಪದರವಾಗಿ ಹಾಸಿ, ಚಿಮುಕಿಸಿ, ತುಳಿದು, ತಾಡಪತ್ರಿ ಮುಚ್ಚಿ, ಗಾಳಿ ಹೋಗದಂತೆ ಸುತ್ತಲೂ ಮಣ್ಣು ಒತ್ತಿ 21 ದಿನ ಬಿಡಬೇಕು. ತುಂಡು ಮಾಡಿದ ಕಣಕಿ ಆದ್ದರಿಂದ ಗಟ್ಟಿಯಾಗಿ ಕೂತಿತು, ಒಳಗೆ ಗಾಳಿ ನಿಲ್ಲಲಿಲ್ಲ. ಅತ್ತೆಗೆ ಇಷ್ಟ ಇರಲಿಲ್ಲ. ಹೊಲಕ್ಕೆ ಹಾಕುವ ಗೊಬ್ಬರ ಗೌರಿಗೆ ಹಾಕುತ್ತೀಯಾ ಎಂದು ಮೂರು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರ ಭಯ ಸುಳ್ಳಲ್ಲ. ಯೂರಿಯಾ ನೇರ ತಿಂದರೆ ದನ ಸಾಯುತ್ತದೆ. ಅಳತೆ ಮೀರಬಾರದು. ತೆಗೆದ ಮೇಲೆ ಮೂಗಿಗೆ ಹೊಡೆಯುವ ವಾಸನೆ ಹೋಗುವ ತನಕ ಗಾಳಿಗೆ ಹರವಬೇಕು. ಆರು ತಿಂಗಳ ಒಳಗಿನ ಕರುವಿಗೆ ಕೊಡಲೇಬಾರದು. ಮೊದಲು ಎಮ್ಮೆಗೆ ಸ್ವಲ್ಪ ಸ್ವಲ್ಪ ಕೊಟ್ಟೆ. ಎರಡು ದಿನ ಮೂಸಿ ಬಿಟ್ಟವು, ಮೂರನೇ ದಿನದಿಂದ ತಿಂದವು. ಗೌರಿಗೆ ಮಾತ್ರ ಇವತ್ತಿಗೂ ಕೊಟ್ಟಿಲ್ಲ. ಅತ್ತೆಯ ಮಾತಿಗೆ ಅಷ್ಟು ಬೆಲೆ ಕೊಡಬೇಕು ಎಂದು ನನಗೆ ಅನ್ನಿಸುತ್ತದೆ.

ದನದಿಂದ ಭೂಮಿ ಬಿಸಿಯಾಗುತ್ತದೆ ಎಂದು ನನ್ನ ಮಗ ಶಾಲೆಯಲ್ಲಿ ಕಲಿತು ಬಂದು ಕೇಳಿದ್ದ. ನನಗೆ ನೋವಾಗಿತ್ತು. ಮೇಡಂ ಬಂದಾಗ ಅದನ್ನೂ ಕೇಳಿದೆ. ನಾರು ಕರಗುವಾಗ ದನದ ಹೊಟ್ಟೆಯಲ್ಲಿ ಮಿಥೇನ್ ಹುಟ್ಟುತ್ತದೆ, ತೇಗಿನಲ್ಲಿ ಹೊರಗೆ ಹೋಗುತ್ತದೆ, ಅದು ನಿಜ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ 2ರಿಂದ 12 ಪಾಲು ಹಾಗೆ ಗಾಳಿಗೆ ಹೋಗುತ್ತದಂತೆ. ಅಂದರೆ ಅದು ನಮ್ಮ ಮೇವೇ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆಯವರು ಇದನ್ನು 17ರಿಂದ 20 ಪ್ರತಿಶತ ತಗ್ಗಿಸುವ ಹರಿತ್ ಧಾರಾ ಎಂಬ ಪುಡಿಯನ್ನೇ ಮಾಡಿದ್ದಾರೆ. ನಾನು ಅದನ್ನು ಬಳಸಿಲ್ಲ. ನಮ್ಮಂಥವರು ಮೊದಲು ಮಾಡಬಹುದಾದದ್ದು, ಅದೇ ದನಕ್ಕೆ ಚೆನ್ನಾಗಿ ಕರಗುವ ಮೇವು ಕೊಡುವುದು. ಆಗ ಒಂದು ಲೀಟರ್ ಹಾಲಿನ ಲೆಕ್ಕಕ್ಕೆ ಹೋಗುವ ಗಾಳಿ ಕಡಿಮೆಯಾಗುತ್ತದೆ. ಮಗನಿಗೆ ಹಾಗೇ ಹೇಳಿದೆ.

ನನಗೆ ಈಗ ಇರುವ ಚಿಂತೆ ಯಂತ್ರದ್ದಲ್ಲ, ಅದಕ್ಕೆ ಹಾಕುವ ಕಣಕಿಯದು. ನಮ್ಮ ಬೀದರ್ ಜಿಲ್ಲೆಯಲ್ಲಿ ಮುಂಗಾರಿಗೆ ಎಲ್ಲಿ ನೋಡಿದರೂ ಸೋಯಾ. ದುಡ್ಡು ಬರುತ್ತದೆ, ಬೇಡ ಎನ್ನಲು ಆಗುವುದಿಲ್ಲ. ನಮ್ಮೂರಲ್ಲಿ ಜೋಳ ಬಿತ್ತುವವರು ಕಡಿಮೆಯಾಗಿದ್ದಾರೆ, ಬಣವಿಗಳೂ ಕಡಿಮೆಯಾಗಿವೆ. ಹಿಂಗಾರಿಗೆ ಎರಡು ಎಕರೆ ಮಾಲದಂಡಿ ಬಿತ್ತುವುದನ್ನು ನಾವು ಬಿಟ್ಟಿಲ್ಲ. ಮೊದಲು ಅದನ್ನು ರೊಟ್ಟಿಗೆ ಎಂದು ಬಿತ್ತುತ್ತಿದ್ದೆವು, ಈಗ ಕಣಕಿಗೆ ಎಂದೂ ಲೆಕ್ಕ ಹಾಕುತ್ತೇವೆ.

ಕೊಳ್ಳಬೇಕಾ ಎಂದರೆ, ಮೂರು ದನಕ್ಕಿಂತ ಜಾಸ್ತಿ ಇದ್ದು, ಸ್ವಂತ ಕಣಕಿ ಇದ್ದರೆ, ಖಂಡಿತ ಕೊಳ್ಳಿ. ಮೊದಲು ಪಶು ಆಸ್ಪತ್ರೆಗೆ ಹೋಗಿ ಸಹಾಯಧನದ ಯೋಜನೆ ನಡೆಯುತ್ತಿದೆಯಾ ಎಂದು ವಿಚಾರಿಸಿ. ನಾನು ವಿಚಾರಿಸದೆ ಪೂರ್ತಿ ದುಡ್ಡು ಕೊಟ್ಟೆ. ಅಂಗಡಿಗೆ ಹೋಗುವಾಗ ನಿಮ್ಮದೇ ಎರಡು ಸೂಡು ಕಣಕಿ ಕಟ್ಟಿಕೊಂಡು ಹೋಗಿ, ಅಲ್ಲೇ ಕತ್ತರಿಸಿ ತೋರಿಸಲು ಹೇಳಿ. ಬೆಲ್ಟಿನ ತಗಡು ಕಣ್ಣೆದುರು ಕೂರಿಸಿದ ಮೇಲೆ ದುಡ್ಡು ಎಣಿಸಿ.

ನಿನ್ನೆ ಕಾರ ಹುಣ್ಣಿಮೆ ಇತ್ತು. ಎತ್ತುಗಳಿಗೆ ಕೋಡಿಗೆ ಬಣ್ಣ ಬಳಿದು ಊರೆಲ್ಲಾ ಮೆರವಣಿಗೆ ಮಾಡಿದರು. ಅತ್ತೆ ಉಳಿದ ಬಣ್ಣ ತಂದು ಗೌರಿಯ ಕೋಡಿಗೂ ಹಚ್ಚಿದರು. ಅವಳು ಒಂದು ಬುಟ್ಟಿ ತುಂಡು ಕಣಕಿ ಮುಗಿಸಿ, ಬೇವಿನ ನೆರಳಲ್ಲಿ ಮಲಗಿ, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿದ್ದಳು.